ಮೂರು ಮಿಲಿಮೀಟರ್ ಮೇಲೆ ನಿಂತ ಕಾಲು

1846ರ ಡಿಸೆಂಬರ್ 21ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ರಾಬರ್ಟ್ ಲಿಸ್ಟನ್ ಎಂಬ ಶಸ್ತ್ರವೈದ್ಯರು ಒಬ್ಬ ರೋಗಿಯ ಕಾಲನ್ನು ತೊಡೆಯ ಮಟ್ಟದಲ್ಲಿ ಕತ್ತರಿಸಿದರು. ಯುರೋಪಿನಲ್ಲಿ ಈಥರ್ ಅರಿವಳಿಕೆ ಕೊಟ್ಟು ನಡೆಸಿದ ಮೊದಮೊದಲ ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಅದೂ ಒಂದು. ಕಾಲು ದೇಹದಿಂದ ಬೇರೆಯಾಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ಕಾಲದಲ್ಲಿ ಶಸ್ತ್ರವೈದ್ಯರ ಹೆಗ್ಗಳಿಕೆಯನ್ನು ಅಳೆಯುತ್ತಿದ್ದದ್ದೇ ಗಡಿಯಾರದ ಮುಳ್ಳಿನಿಂದ.

ಇಂದು ಅದೇ ತೊಡೆಯ ಮುಂದೆ ರಕ್ತನಾಳ ತಜ್ಞರು ನಿಂತರೆ ಗಡಿಯಾರ ಬೇರೆ ಲೆಕ್ಕ ಹೇಳುತ್ತದೆ. ಕಟ್ಟಿಕೊಂಡ ಅಪಧಮನಿಯ ಪಕ್ಕದಲ್ಲೇ ಒಂದು ಬಳಸುದಾರಿ ಹೊಲಿದು, ಪಾದದವರೆಗೆ ರಕ್ತ ಹರಿಸಿ, ಗಾಯ ಮುಚ್ಚುವ ಹೊತ್ತಿಗೆ ಮೂರರಿಂದ ಐದು ಗಂಟೆ ಕಳೆದಿರುತ್ತದೆ. ನಾಲ್ಕು ಗಂಟೆ ಎಂದೇ ಹಿಡಿದರೂ ಅದು 14,400 ಸೆಕೆಂಡು. ಕಾಲು ಕಳೆಯಲು ಬೇಕಾದದ್ದಕ್ಕಿಂತ ಉಳಿಸಲು ಸುಮಾರು 500 ಪಟ್ಟು ಹೆಚ್ಚು ಹೊತ್ತು ಬೇಕು. ಈ ಎರಡು ಅಂಕಿಗಳ ನಡುವೆ ನೂರು ವರ್ಷಗಳ ಹಟವಿದೆ, ಕಸೂತಿಯ ಸೂಜಿಯಿದೆ, ಕೂದಲೆಳೆಯಷ್ಟು ದಾರವಿದೆ. ಎಲ್ಲಕ್ಕಿಂತ ಮೊದಲು ಮೂರು ಮಿಲಿಮೀಟರಿನ ಒಂದು ಕಟು ಲೆಕ್ಕವಿದೆ.

ಕಾಲುವೆಯ ಕೊನೆಯ ಗದ್ದೆ

ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ದಿನಕ್ಕೆ ಅದು 7,200 ಲೀಟರ್. ಒಂದು ಮಧ್ಯಮ ಗಾತ್ರದ ನೀರಿನ ಟ್ಯಾಂಕರಿನಷ್ಟು. ಹೊಟ್ಟೆಯೊಳಗೆ ಬೆನ್ನುಮೂಳೆಗೆ ಅಂಟಿಕೊಂಡಂತೆ ಇಳಿಯುವ ಮಹಾಪಧಮನಿ ಸುಮಾರು 2 ಸೆಂಟಿಮೀಟರ್ ಅಗಲದ್ದು. ಹೊಕ್ಕುಳಿನ ಮಟ್ಟದಲ್ಲಿ ಅದು ಎರಡಾಗಿ ಕವಲೊಡೆದು ಒಂದೊಂದು ಕಾಲಿಗೆ ಒಂದೊಂದಾಗಿ ಹೊರಡುತ್ತದೆ. ತೊಡೆಸಂದಿಗೆ ಬರುವಾಗ 8ರಿಂದ 10 ಮಿಲಿಮೀಟರ್, ತೊಡೆಯ ಉದ್ದಕ್ಕೂ 5ರಿಂದ 6, ಮೊಣಕಾಲು ದಾಟಿ ಮೂರು ಕವಲಾಗಿ ಪಾದಕ್ಕೆ ಇಳಿಯುವಾಗ ಒಂದೊಂದೂ ಬರೀ 2ರಿಂದ 3 ಮಿಲಿಮೀಟರ್.

ಆರು ಮಿಲಿಮೀಟರ್ ಎಂದರೆ ನಮಗೆ ಪೆನ್ಸಿಲಿಗಿಂತ ತೆಳು. ರಕ್ತಕಣಕ್ಕೆ ಅದು ಹಾಗಲ್ಲ. ಕೆಂಪು ರಕ್ತಕಣದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಆ ಕಣವನ್ನು 2 ಮೀಟರ್ ಅಗಲದ ಎತ್ತಿನಗಾಡಿ ಎಂದುಕೊಂಡರೆ, ತೊಡೆಯ ಅಪಧಮನಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಅಗಲದ ಹೆದ್ದಾರಿ. ಆ ಹೆದ್ದಾರಿಯ ಕೊನೆಯಲ್ಲಿ, ಬೆರಳ ತುದಿಯ ಲೋಮನಾಳಗಳಲ್ಲಿ, ಒಂದು ಗಾಡಿ ಮೈ ಮಡಚಿಕೊಂಡು ನುಸುಳುವಷ್ಟೇ ಜಾಗ. ಗಾಡಿಗಳ ಸಂಖ್ಯೆಯೂ ಸಣ್ಣದಲ್ಲ. ಒಂದು ಟೀ ಚಮಚ ರಕ್ತದಲ್ಲಿ ಸುಮಾರು 2,500 ಕೋಟಿ ಕೆಂಪುಕಣಗಳಿರುತ್ತವೆ. ಭೂಮಿಯ ಮೇಲಿರುವ ಒಟ್ಟು ಜನರ ಮೂರು ಪಟ್ಟು.

ಈ ಹೆದ್ದಾರಿಯ ಒಳಗೋಡೆಗೆ ಕೊಬ್ಬು, ಸುಣ್ಣ, ನಾರು ಸೇರಿ ಗಾರೆಯಂತೆ ಕಟ್ಟಿಕೊಳ್ಳುತ್ತಾ ಹೋದರೆ ಏನಾಗುತ್ತದೆ? ಅಗಲ ಅರ್ಧವಾದರೆ ಹರಿವೂ ಅರ್ಧವಾಗುತ್ತದೆ ಎಂದು ನಮ್ಮ ಅಂದಾಜು. ಫ್ರಾನ್ಸಿನ ವೈದ್ಯ ಪೊಯ್ಸೆಯ್ 1830–40ರ ದಶಕಗಳಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ನೋಡಿ ಬೇರೆಯೇ ನಿಯಮ ಕಂಡುಕೊಂಡರು. ಒತ್ತಡವೂ ಉದ್ದವೂ ಅಷ್ಟೇ ಇದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 6 ಮಿಲಿಮೀಟರಿನ ಕೊಳವೆ 5 ಆದರೆ ಹರಿವು ಅರ್ಧಕ್ಕಿಂತ ಕೆಳಗೆ. 3 ಆದರೆ ಹದಿನಾರರಲ್ಲಿ ಒಂದು ಪಾಲು. 2 ಆದರೆ ಎಂಬತ್ತೊಂದರಲ್ಲಿ ಒಂದು ಪಾಲು. ಮೂರು ಮಿಲಿಮೀಟರ್ ಗಾರೆ, ಹದಿನಾರರಲ್ಲಿ ಹದಿನೈದು ಪಾಲು ನಷ್ಟ!

ದೇಹ ಸುಮ್ಮನೆ ಕೂರುವುದಿಲ್ಲ. ಕೆಳಗಿನ ಸಣ್ಣ ನಾಳಗಳು ಬಾಯಿ ಅಗಲಿಸಿ ಸಿಕ್ಕ ರಕ್ತವನ್ನೆಲ್ಲ ಎಳೆದುಕೊಳ್ಳುತ್ತವೆ. ತೊಡೆಯ ಸ್ನಾಯುಗಳ ನಡುವಿನ ಕಾಲುದಾರಿಗಳಂಥ ಕವಲುನಾಳಗಳು ತಿಂಗಳುಗಟ್ಟಲೆ ಹಿಗ್ಗಿ ಹಿಗ್ಗಿ ದಾರಿ ಬಿಡುತ್ತವೆ. ಆದ್ದರಿಂದಲೇ ನಾಳ ಅರ್ಧದಷ್ಟು ಕಿರಿದಾಗುವವರೆಗೂ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯ ಗದ್ದೆ. ನೀರಾವರಿ ಜಿಲ್ಲೆಗಳ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ದೇಹದ ಕೊನೆಯ ಗದ್ದೆ ಕಾಲ್ಬೆರಳು.

ಎರಡು ಕಂಬ, ಒಂದು ಭಾಗಾಕಾರ

ಒಣಗುವಿಕೆಯ ಮೊದಲ ಸುದ್ದಿ ನಡಿಗೆಯಲ್ಲಿ ಬರುತ್ತದೆ. ಓಡಾಡುವಾಗ ಕಾಲಿನ ಸ್ನಾಯುಗಳಿಗೆ ಸುಮ್ಮನಿದ್ದಾಗಿನ ಹತ್ತಿಪ್ಪತ್ತು ಪಟ್ಟು ರಕ್ತ ಬೇಕು. ಕೂತಾಗ ಸಾಕಾಗುವ ಸಣ್ಣ ಧಾರೆ ನಡೆದಾಗ ಸಾಲದೆ ಹೋಗುತ್ತದೆ. ಎರಡು ಲೈಟುಕಂಬ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಬಿಡುತ್ತದೆ, ಮತ್ತೆ ಎರಡು ಕಂಬಕ್ಕೆ ಹಿಡಿಯುತ್ತದೆ. ವಯಸ್ಸಾಯಿತು, ವಾಯು, ನರದ ದೌರ್ಬಲ್ಯ ಎಂದು ಮನೆಯವರು ಎಣ್ಣೆ ತಿಕ್ಕುತ್ತಾರೆ. ಅಷ್ಟೇ ದೂರಕ್ಕೆ ಬಂದು ನಿಂತರೆ ಹೋಗುವ ನೋವು ರಕ್ತನಾಳ ಬರೆದ ಪತ್ರ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೇ ಇಂಥ ಕುಂಟುವಿಕೆಯನ್ನು ಮೊದಲು ಗುರುತಿಸಿದ್ದು ಕುದುರೆಯಲ್ಲಿ. 1858ರಲ್ಲಿ ವೈದ್ಯ ಶಾರ್ಕೋ ಅದನ್ನೇ ಮನುಷ್ಯರಲ್ಲಿ ವಿವರಿಸಿದರು.

ಆ ಪತ್ರವನ್ನು ಓದಲು ದೊಡ್ಡ ಯಂತ್ರ ಬೇಡ. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಬೇಕು. ಪ್ರಾಥಮಿಕ ಶಾಲೆಯ ಗಣಿತ. ಉತ್ತರ 1.0ರಿಂದ 1.4ರೊಳಗಿದ್ದರೆ ಸರಿ. 0.9 ಅಥವಾ ಅದಕ್ಕಿಂತ ಕೆಳಗಾದರೆ ಕಾಲಿನ ನಾಳದಲ್ಲಿ ಅಡ್ಡಿ ಇದೆ. 0.4ಕ್ಕಿಂತ ಕೆಳಗಾದರೆ ಕಾಲೇ ಅಪಾಯದಲ್ಲಿದೆ. 1.4 ದಾಟಿದರೂ ಎಚ್ಚರ ಬೇಕು: ಹಳೆಯ ಮಧುಮೇಹಿಗಳಲ್ಲಿ ನಾಳದ ಗೋಡೆ ಸುಣ್ಣಗಟ್ಟಿ, ಪಟ್ಟಿ ಬಿಗಿದರೂ ಅಮುಕದಷ್ಟು ಗಟ್ಟಿಯಾಗಿ ಸುಳ್ಳು ಲೆಕ್ಕ ಹೇಳುತ್ತಿರುತ್ತದೆ. ಆಗ ಹೆಬ್ಬೆರಳಿನ ಒತ್ತಡ ನೋಡಬೇಕು.

ನಡೆದಾಗ ಮಾತ್ರ ನೋಯುವವರಲ್ಲಿ ಹೆಚ್ಚಿನವರಿಗೆ ಶಸ್ತ್ರಕ್ರಿಯೆ ಬೇಕಾಗುವುದಿಲ್ಲ. ತಂಬಾಕು ಬಿಟ್ಟು, ಕೊಲೆಸ್ಟರಾಲ್, ಬಿಪಿ, ಶುಗರ್ ಹಿಡಿತದಲ್ಲಿಟ್ಟು, ವಾರಕ್ಕೆ ಮೂರು ಸಲ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ಹನ್ನೆರಡು ವಾರ ಪಾಲಿಸಿದರೆ ನಡೆಯುವ ದೂರ ದುಪ್ಪಟ್ಟಾಗುವುದುಂಟು. ಇಂಥವರಲ್ಲಿ ಐದು ವರ್ಷದೊಳಗೆ ಕಾಲು ಕಳೆದುಕೊಳ್ಳುವವರು ನೂರಕ್ಕೆ ಒಬ್ಬಿಬ್ಬರು, ಹೆಚ್ಚೆಂದರೆ ಮೂವರು.

ಮಲಗಿದಾಗಲೂ ಪಾದ ಉರಿಯತೊಡಗಿದರೆ, ರಾತ್ರಿ ಕಾಲನ್ನು ಮಂಚದಿಂದ ಇಳಿಬಿಟ್ಟು ಕೂರುವಂತಾದರೆ, ಬೆರಳ ಸಂದಿಯ ಹುಣ್ಣು ವಾರಗಟ್ಟಲೆ ಮಾಯದೆ ಕಪ್ಪಾಗತೊಡಗಿದರೆ ಲೆಕ್ಕ ತಲೆಕೆಳಗಾಗುತ್ತದೆ. ಈ ಹಂತದಲ್ಲಿ ರಕ್ತ ಹರಿಸುವ ದಾರಿ ಮಾಡದಿದ್ದರೆ ಒಂದು ವರ್ಷದೊಳಗೆ ಸುಮಾರು ಐದರಲ್ಲಿ ಒಬ್ಬರು ಕಾಲು ಕಳೆದುಕೊಳ್ಳುತ್ತಾರೆ, ಐದರಲ್ಲಿ ಒಬ್ಬರು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ಶಸ್ತ್ರವೈದ್ಯರ ಸೂಜಿ ಇರುವುದು ಇವರಿಗಾಗಿ.

ಕಸೂತಿ ಕಲಿತ ಕೈ

ರಕ್ತನಾಳ ಹೊಲಿಯುವ ವಿದ್ಯೆ ಒಂದು ಕೊಲೆಯ ಸುದ್ದಿಯಿಂದ ಮೊಳೆತದ್ದು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಲಿಯೋನ್ ನಗರದಲ್ಲಿ ಚೂರಿ ಇರಿತಕ್ಕೆ ಬಲಿಯಾದರು. ಸೀಳಿದ್ದು ಹೊಟ್ಟೆಯೊಳಗಿನ ಒಂದು ದೊಡ್ಡ ರಕ್ತನಾಳ. ಅದನ್ನು ಹೊಲಿಯಲು ಅಂದಿನ ವೈದ್ಯರಿಗೆ ಬರುತ್ತಿರಲಿಲ್ಲ. ಅದೇ ಊರಿನ ತರುಣ ವೈದ್ಯ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ಮನಸ್ಸಿಗೆ ಚುಚ್ಚಿತು. ರೇಷ್ಮೆಗೆ ಹೆಸರಾದ ಲಿಯೋನಿನಲ್ಲಿ ಅವರು ಒಬ್ಬ ಕಸೂತಿಗಾತಿಯ ಬಳಿ ಹೋಗಿ ಸಣ್ಣ ಸೂಜಿ, ತೆಳು ರೇಷ್ಮೆ ಎಳೆ ಹಿಡಿಯುವುದನ್ನು ಕಲಿತರು. ದುಂಡನೆಯ ನಾಳದ ಅಂಚಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ. ದುಂಡು ಹೊಲಿಯುವುದು ಕಷ್ಟ, ಮೂರು ನೇರ ಅಂಚು ಹೊಲಿಯುವುದು ಸುಲಭ. 1902ರಲ್ಲಿ ಪ್ರಕಟವಾದ ಈ ಉಪಾಯಕ್ಕೂ ಅಂಗ ಕಸಿಯ ಪ್ರಯೋಗಗಳಿಗೂ 1912ರಲ್ಲಿ ನೊಬೆಲ್ ಬಂತು. ಕ್ಯಾರೆಲ್‌ಗೆ ಆಗ 39 ವರ್ಷ.

ಸೂಜಿ ಸಿದ್ಧವಾದರೂ ಕಾಲು ಉಳಿಯಲು ಇನ್ನೂ 36 ವರ್ಷ ಕಾಯಬೇಕಾಯಿತು. ಹೊಲಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. ಅದನ್ನು ತಡೆಯುವ ಹೆಪಾರಿನ್ 1916ರಲ್ಲೇ ಕಂಡರೂ ಶುದ್ಧ ಔಷಧಿಯಾಗಿ ರೋಗಿಗಳ ಕೈಸೇರಿದ್ದು 1930ರ ದಶಕದಲ್ಲಿ. ಅಡ್ಡಿ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. 1929ರಲ್ಲಿ ಲಿಸ್ಬನ್ನಿನ ರೇನಾಲ್ಡೊ ಡೋಸ್ ಸಾಂಟೋಸ್ ಮಹಾಪಧಮನಿಗೆ ಬಣ್ಣದ್ರವ ಚುಚ್ಚಿ ಎಕ್ಸ್‌ರೇಯಲ್ಲಿ ಅದನ್ನು ಕಾಣಿಸಿದರು. ಹದಿನೇಳು ವರ್ಷಗಳ ನಂತರ, 1946ರಲ್ಲಿ, ಅವರ ಮಗ ಜೋವಾವ್ ಸಿಡ್ ಡೋಸ್ ಸಾಂಟೋಸ್ ತೊಡೆಯ ಅಪಧಮನಿಯನ್ನು ಸೀಳಿ ಒಳಗಿನ ಗಾರೆಯನ್ನೇ ಸುಲಿದು ತೆಗೆದರು. ಅಪ್ಪ ಅಡ್ಡಿಯನ್ನು ತೋರಿಸಿದರು, ಮಗ ಅದನ್ನು ಹೊರತೆಗೆದರು.

1948ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಜಾನ್ ಕುನ್ಲಿನ್ ಇನ್ನೊಂದು ಹೆಜ್ಜೆ ಇಟ್ಟರು. ಕಟ್ಟಿಕೊಂಡ ನಾಳವನ್ನು ಮುಟ್ಟುವ ಗೋಜಿಗೇ ಹೋಗಲಿಲ್ಲ. ರೋಗಿಯದೇ ಕಾಲಿನಿಂದ ಒಂದು ಅಭಿಧಮನಿಯನ್ನು ತೆಗೆದು, ಅಡ್ಡಿಯ ಮೇಲೆ ಒಂದು ತುದಿ, ಕೆಳಗೆ ಇನ್ನೊಂದು ತುದಿ, ಎರಡನ್ನೂ ಅಪಧಮನಿಯ ಪಕ್ಕಕ್ಕೆ ಹೊಲಿದರು. ಊರ ನಡುವಿನ ರಸ್ತೆ ಕುಸಿದರೆ ಹೊಲದ ಬದುವಿನ ಮೇಲೆ ಹೊಸ ರಸ್ತೆ ಮಾಡಿದಂತೆ. ಮುಂದೆ ಹೃದಯಕ್ಕೂ ಮಾಡಿದ ಬೈಪಾಸ್‌ಗೆ ಹಾದಿ ತೋರಿಸಿದ್ದು ಕಾಲಿನ ಈ ಬೈಪಾಸ್.

ಅದೇ ಪ್ಯಾರಿಸ್ಸಿನ ಜಾಕ್ ಊದೋ 1950ರಲ್ಲಿ ಅನ್ನಪೂರ್ಣಾ ಪರ್ವತಾರೋಹಣ ತಂಡದ ವೈದ್ಯರಾಗಿ ಹಿಮಾಲಯಕ್ಕೆ ಬಂದಿದ್ದರು. ಜೂನ್ 3ರಂದು ಮೋರಿಸ್ ಎರ್ಜೋಗ್ ಮತ್ತು ಲೂಯಿ ಲಾಶ್ನಾಲ್ 8,091 ಮೀಟರಿನ ಶಿಖರ ಮುಟ್ಟಿದರು. 8,000 ಮೀಟರ್ ಮೀರಿದ ಶಿಖರವೊಂದನ್ನು ಮನುಷ್ಯ ಏರಿದ್ದು ಅದೇ ಮೊದಲು. ಇಬ್ಬರೂ ಹಿಮಕ್ಕೆ ಸಿಕ್ಕು ಕಾಲ್ಬೆರಳು ಕಳೆದುಕೊಂಡರು. ಕೊಳೆತ ಬೆರಳುಗಳನ್ನು ಕತ್ತರಿಸಬೇಕಾದವರು ಊದೋ. ಅದೇ ವರ್ಷ ನವೆಂಬರ್ 14ರಂದು ಅವರೇ ಪ್ಯಾರಿಸ್ಸಿನಲ್ಲಿ, ಎರಡೂ ಕಾಲಿಗೆ ಕವಲೊಡೆಯುವ ಜಾಗದಲ್ಲಿ ಕಟ್ಟಿಕೊಂಡಿದ್ದ ಮಹಾಪಧಮನಿಯನ್ನು ತೆಗೆದು, ಮೃತದಾನಿಯ ನಾಳವನ್ನು ಅಲ್ಲಿ ಜೋಡಿಸಿದರು. ರಕ್ತವಿಲ್ಲದೆ ಸತ್ತ ಬೆರಳುಗಳನ್ನು ಕತ್ತರಿಸಿದ ಕೈ ನವೆಂಬರಿನಲ್ಲಿ ಎರಡು ಕಾಲಿಗೆ ರಕ್ತ ಮರಳಿಸಿತು.

ಇದೆಲ್ಲ ಎಷ್ಟು ಕಾಲು ಉಳಿಸಿತು ಎಂಬುದನ್ನು ಯುದ್ಧಭೂಮಿಗಳು ಕ್ರೂರವಾಗಿ ಲೆಕ್ಕವಿಟ್ಟಿವೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ 2,471 ಅಪಧಮನಿ ಗಾಯಗಳನ್ನು ಶಸ್ತ್ರವೈದ್ಯರಾದ ಮೈಕೆಲ್ ಡೆಬೇಕಿ ಮತ್ತು ಸಿಮಿಯೋನ್ 1946ರಲ್ಲಿ ದಾಖಲಿಸಿದರು. ಹೊಲಿದು ಸರಿಪಡಿಸಲು ಯತ್ನಿಸಿದ್ದು ಕೇವಲ 81ರಲ್ಲಿ. ನಾಳವನ್ನು ಕಟ್ಟಿ ರಕ್ತ ನಿಲ್ಲಿಸಿದವರಲ್ಲಿ ನೂರಕ್ಕೆ 49 ಮಂದಿ ಆ ಅಂಗವನ್ನೇ ಕಳೆದುಕೊಂಡರು. ಕೆಲವೇ ವರ್ಷಗಳ ನಂತರದ ಕೊರಿಯಾ ಯುದ್ಧದಲ್ಲಿ ನಾಳ ಹೊಲಿಯುವುದೇ ರೂಢಿಯಾದಾಗ ಅದು ನೂರಕ್ಕೆ 13ಕ್ಕೆ ಇಳಿಯಿತು. ಅದೇ ಮನುಷ್ಯ ದೇಹ, ಅದೇ ಗುಂಡು. ಬದಲಾದದ್ದು ಸೂಜಿ ಹಿಡಿದ ಕೈ ಮತ್ತು ಗಾಯಾಳು ಆ ಕೈಗೆ ತಲುಪಲು ಹಿಡಿದ ಹೊತ್ತು.

ಹೊಲಿಗೆಯ ಅಳತೆ

ಈಗ ಶಸ್ತ್ರಕ್ರಿಯೆಯ ಕೋಣೆಗೆ ಬರೋಣ. ಬಳಸುದಾರಿಗೆ ಒದಗುವ ಅತ್ಯುತ್ತಮ ಸಾಮಗ್ರಿ ಕಾಲಿನಲ್ಲೇ ಇದೆ: ಪಾದದ ಒಳಬದಿಯಿಂದ ತೊಡೆಸಂದಿಯವರೆಗೆ ಚರ್ಮದಡಿ ಏರುವ ಸ್ಯಾಫಿನಸ್ ಅಭಿಧಮನಿ. ದೇಹದ ಅತಿ ಉದ್ದದ ಅಭಿಧಮನಿ ಇದೇ. ಅಗಲ 3ರಿಂದ 5 ಮಿಲಿಮೀಟರ್. ಇದನ್ನು ತೆಗೆದರೂ ಒಳಗಿನ ಅಭಿಧಮನಿಗಳು ಆ ಕೆಲಸವನ್ನು ವಹಿಸಿಕೊಳ್ಳುತ್ತವೆ. ಒಂದೇ ತೊಡಕು: ರಕ್ತ ಕೆಳಗೆ ಜಾರದಂತೆ ಅದರೊಳಗೆ ಉದ್ದಕ್ಕೂ ಕವಾಟಗಳಿವೆ, ಎಲ್ಲವೂ ಮೇಲ್ಮುಖವಾಗಿ ತೆರೆಯುವ ಬಾಗಿಲುಗಳು. ನಮಗೆ ರಕ್ತ ಕೆಳಗೆ ಹೋಗಬೇಕು. ಹಾಗಾಗಿ ವೈದ್ಯರು ಅಭಿಧಮನಿಯನ್ನು ಪೂರ್ತಿ ಹೊರತೆಗೆದು ತಲೆಕೆಳಗು ಮಾಡಿ ಜೋಡಿಸುತ್ತಾರೆ. ಇಲ್ಲವೇ ಇದ್ದಲ್ಲೇ ಬಿಟ್ಟು, ಕೊಕ್ಕೆಯಂಥ ಸಣ್ಣ ಅಲಗನ್ನು ಒಳಗೆ ಹಾಯಿಸಿ ಒಂದೊಂದೇ ಬಾಗಿಲನ್ನು ಕತ್ತರಿಸುತ್ತಾರೆ. ಮೊಣಕಾಲಿನ ಕೆಳಗಿನ ನಾಳಕ್ಕೆ ಜೋಡಿಸಬೇಕಾದರೆ ಅರ್ಧ ಮೀಟರಿಗೂ ಉದ್ದದ ಅಭಿಧಮನಿ ಬೇಕಾಗಬಹುದು.

ಹೆಪಾರಿನ್ ಕೊಟ್ಟು, ನಾಳವನ್ನು ಎರಡೂ ಕಡೆ ಚಿಮಟಿಯಲ್ಲಿ ಹಿಡಿದು, ಒಂದೆರಡು ಸೆಂಟಿಮೀಟರ್ ಉದ್ದ ಸೀಳುತ್ತಾರೆ. ಅದರ ಅಂಚಿಗೆ ಅಭಿಧಮನಿಯ ಬಾಯನ್ನು ಕೂಡಿಸಿ ಹೊಲಿಯುವ ದಾರ ಪಾಲಿಪ್ರೊಪಿಲೀನ್. ಸಣ್ಣ ನಾಳಗಳಿಗೆ ಬಳಸುವ ಎಳೆಯ ದಪ್ಪ ಮಿಲಿಮೀಟರಿನ ನೂರರಲ್ಲಿ ಐದರಿಂದ ಹತ್ತು ಪಾಲು. ಅಂದರೆ ನಮ್ಮ ತಲೆಗೂದಲಿನಷ್ಟು. ಹೊಲಿಗೆಯಿಂದ ಹೊಲಿಗೆಗೆ ಸುಮಾರು ಒಂದು ಮಿಲಿಮೀಟರ್ ಅಂತರ. ಎರಡೂವರೆ, ಮೂರು ಪಟ್ಟು ದೊಡ್ಡದಾಗಿ ಕಾಣಿಸುವ ಕನ್ನಡಕ ಹಾಕಿಕೊಂಡು, ಪ್ರತಿ ತುದಿಗೆ ಹತ್ತಾರು ಹೊಲಿಗೆ. ಒಂದು ಹೊಲಿಗೆ ಅರ್ಧ ಮಿಲಿಮೀಟರ್ ಹೆಚ್ಚು ಆಳಕ್ಕೆ ಹೋದರೂ ಬಾಯಿ ಕಿರಿದಾಗುತ್ತದೆ. ಪೊಯ್ಸೆಯ್ ನಿಯಮ ಅಲ್ಲೂ ಕಾದು ಕುಳಿತಿರುತ್ತದೆ.

ಚಿಮಟಿ ಬಿಟ್ಟ ಕ್ಷಣದಿಂದ ಆ ಅಭಿಧಮನಿಯ ಬದುಕೇ ಬೇರೆ. ಮಲಗಿದ ದೇಹದಲ್ಲಿ ಪಾದರಸದ ಹತ್ತು ಮಿಲಿಮೀಟರಿನ ಆಸುಪಾಸಿನ ಒತ್ತಡದಲ್ಲಿ ಸುಖವಾಗಿದ್ದ ನಾಳ ಇನ್ನು ಮೇಲೆ 120ರ ಹೊಡೆತ ತಿನ್ನಬೇಕು. ನಿಮಿಷಕ್ಕೆ 72 ಬಡಿತವೆಂದರೂ ದಿನಕ್ಕೆ 1,03,680 ಸಲ. ವರ್ಷಕ್ಕೆ 3 ಕೋಟಿ 78 ಲಕ್ಷ ಸಲ. ಐದು ವರ್ಷಕ್ಕೆ ಸುಮಾರು 19 ಕೋಟಿ ಬಡಿತಗಳನ್ನು ಕೂದಲೆಳೆಯ ಆ ಹೊಲಿಗೆ ತಡೆದು ನಿಲ್ಲಬೇಕು. ನಿಲ್ಲುತ್ತದೆ! ಅಭಿಧಮನಿಯ ಗೋಡೆ ತಿಂಗಳೊಪ್ಪತ್ತಿನಲ್ಲಿ ದಪ್ಪವಾಗಿ, ಅಪಧಮನಿಯ ಗುಣವನ್ನೇ ಕಲಿಯತೊಡಗುತ್ತದೆ. ಒಮ್ಮೊಮ್ಮೆ ಆ ಕಲಿಕೆ ಅತಿಯಾಗಿ ಒಳಪದರವೇ ಬೆಳೆದು ದಾರಿ ಕಿರಿದಾಗುತ್ತದೆ. ಮೊದಲ ಎರಡು ವರ್ಷ ಅದರ ಭಯ ಹೆಚ್ಚು. ಅದಕ್ಕೇ ಬೈಪಾಸ್ ಆದವರು ಡಾಪ್ಲರ್ ಸ್ಕ್ಯಾನಿಗೆ ತಪ್ಪದೆ ಹೋಗಬೇಕು.

ಅಭಿಧಮನಿ ಇಲ್ಲದವರಿಗೆ ಬಟ್ಟೆಯ ನಾಳವಿದೆ. 1950ರ ದಶಕದಲ್ಲಿ ಹ್ಯೂಸ್ಟನ್ನಿನಲ್ಲಿ ಅದೇ ಮೈಕೆಲ್ ಡೆಬೇಕಿ ಅಂಗಡಿಯಿಂದ ಡೇಕ್ರಾನ್ ಬಟ್ಟೆ ತಂದು ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಅವರಿಗೆ ಹೊಲಿಗೆ ಕಲಿಸಿದ್ದು ತಾಯಿ. 1938ರ ಏಪ್ರಿಲ್ 6ರಂದು ರಸಾಯನವಿಜ್ಞಾನಿ ರಾಯ್ ಪ್ಲಂಕೆಟ್ ಅವರಿಗೆ ಆಕಸ್ಮಿಕವಾಗಿ ಸಿಕ್ಕ, ನಮ್ಮ ದೋಸೆ ಅಂಟದ ಕಾವಲಿಗೆ ಬಳಿಯುವ ಪಿಟಿಎಫ್ಇ ಎಂಬ ವಸ್ತುವನ್ನೇ ಎಳೆದು ಹಿಗ್ಗಿಸಿದ ಕೊಳವೆಗಳು 1970ರ ದಶಕದಲ್ಲಿ ಬಂದವು. ಹೊಟ್ಟೆಯೊಳಗಿನ ದೊಡ್ಡ ನಾಳಕ್ಕೆ ಇವು ಬಹಳ ಚೆನ್ನ: ಐದು ವರ್ಷದ ನಂತರವೂ ಸುಮಾರು ನೂರಕ್ಕೆ 90 ತೆರೆದೇ ಇರುತ್ತವೆ. ತೊಡೆಗೆ ಇಳಿದರೆ ಕಥೆ ಬದಲು. ಮೊಣಕಾಲಿನ ಮೇಲಿನವರೆಗಿನ ಬೈಪಾಸ್‌ನಲ್ಲಿ ಸ್ವಂತ ಅಭಿಧಮನಿ ಐದು ವರ್ಷಕ್ಕೆ ಸುಮಾರು ಮುಕ್ಕಾಲು ಪಾಲು ರೋಗಿಗಳಲ್ಲಿ ತೆರೆದಿರುತ್ತದೆ, ಕೃತಕ ನಾಳ ಸುಮಾರು ಅರ್ಧ ಪಾಲು ರೋಗಿಗಳಲ್ಲಿ. ಮೊಣಕಾಲಿನ ಕೆಳಗಂತೂ ಅಂತರ ಇನ್ನೂ ಹೆಚ್ಚು. ಮನುಷ್ಯ ಮಾಡಿದ ಯಾವ ಕೊಳವೆಯೂ ಅಮ್ಮನ ಗರ್ಭದಲ್ಲಿ ಬೆಳೆದ ಕೊಳವೆಗೆ ಸಾಟಿಯಾಗಿಲ್ಲ.

ಸೂಜಿಯೋ, ಬಲೂನೋ

1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82 ವರ್ಷದ ಅಜ್ಜಿಯೊಬ್ಬರು ಕಾಲು ಕತ್ತರಿಸಲು ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ತಜ್ಞರು ಸೂಜಿ ಚುಚ್ಚಿದಷ್ಟೇ ರಂಧ್ರದಿಂದ ತಂತಿ ಹಾಯಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪದ ಕೊಳವೆ ತೂರಿಸಿ ತೊಡೆಯ ನಾಳವನ್ನು ಹಿಗ್ಗಿಸಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು. ಅಜ್ಜಿ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು, ಸ್ವಂತ ಕಾಲ ಮೇಲೆ ನಡೆದರು. 1974ರಲ್ಲಿ ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ ಆ ಕೊಳವೆಯ ತುದಿಗೆ ಬಲೂನ್ ಕಟ್ಟಿದರು, ಮೂರು ವರ್ಷದ ನಂತರ ಅದನ್ನೇ ಹೃದಯಕ್ಕೆ ಒಯ್ದರು. ಹೃದಯದ ಆಂಜಿಯೋಪ್ಲಾಸ್ಟಿಯ ತವರೂ ಕಾಲೇ.

ಹಾಗಾದರೆ ಕಾಲು ಉಳಿಸಲು ಯಾವುದು ಮೇಲು? 2022ರಲ್ಲಿ ಪ್ರಕಟವಾದ ಬೆಸ್ಟ್-ಸಿಎಲ್ಐ ಅಧ್ಯಯನದಲ್ಲಿ ಐದು ದೇಶಗಳ 1,830 ರೋಗಿಗಳಿದ್ದರು. ಒಳ್ಳೆಯ ಸ್ಯಾಫಿನಸ್ ಅಭಿಧಮನಿ ಇದ್ದ 1,434 ಮಂದಿಯಲ್ಲಿ, ಬೈಪಾಸ್ ಆದವರ ಪೈಕಿ ನೂರಕ್ಕೆ 42.6 ಮಂದಿಗೆ ಕಾಲು ಕಳೆಯುವುದು, ಮತ್ತೆ ದೊಡ್ಡ ಚಿಕಿತ್ಸೆ ಬೇಕಾಗುವುದು ಅಥವಾ ಸಾವು, ಇವುಗಳಲ್ಲಿ ಒಂದು ಎದುರಾಯಿತು. ಬಲೂನ್, ಸ್ಟೆಂಟ್ ಮೊದಲು ಮಾಡಿಸಿಕೊಂಡವರಲ್ಲಿ ಇದು 57.4. ಮರುವರ್ಷವೇ 345 ರೋಗಿಗಳ ಬೇಸಿಲ್-2 ಅಧ್ಯಯನ ಮೊಣಕಾಲಿನ ಕೆಳಗಿನ ನಾಳಗಳಿಗೆ ಚಿಕಿತ್ಸೆ ಬೇಕಾದವರಲ್ಲಿ ಉಲ್ಟಾ ಫಲಿತಾಂಶ ಕೊಟ್ಟಿತು: ಅಭಿಧಮನಿಯ ಬೈಪಾಸ್ ಮೊದಲು ಆದವರಲ್ಲಿ ನೂರಕ್ಕೆ 63 ಮಂದಿಗೆ ಕಾಲು ಕಳೆಯುವುದೋ ಸಾವೋ ಎದುರಾದರೆ, ಬಲೂನ್ ಮೊದಲು ಆದವರಲ್ಲಿ 53. ಎರಡೂ ನಿಜ. ರೋಗಿಯ ವಯಸ್ಸು, ಹೃದಯದ ಶಕ್ತಿ, ಅಡ್ಡಿ ಇರುವ ಜಾಗ, ಅಭಿಧಮನಿಯ ಅಗಲ, ಇವನ್ನೆಲ್ಲ ತೂಗಿ ಹೇಳಬಲ್ಲ, ಎರಡೂ ವಿದ್ಯೆ ಗೊತ್ತಿರುವ ತಂಡದ ಮುಂದೆ ರೋಗಿ ಹೋಗಬೇಕು ಎಂಬುದೇ ಇವುಗಳ ಒಟ್ಟು ಪಾಠ.

ಎಲ್ಲರಿಗೂ ಕೂತು ತೂಗುವ ಹೊತ್ತಿರುವುದಿಲ್ಲ. ಹೃದಯದಿಂದ ಜಾರಿಬಂದ ಹೆಪ್ಪು ಕಾಲಿನ ನಾಳಕ್ಕೆ ಬಿರಡೆ ಹಾಕಿದರೆ ಕಾಲು ತಟ್ಟನೆ ಬಿಳಿಚಿ, ತಣ್ಣಗಾಗಿ, ಮರಗಟ್ಟಿ, ಅಲ್ಲಾಡದಂತಾಗುತ್ತದೆ. ಆಗ ಕೈಯಲ್ಲಿರುವುದು ಸುಮಾರು 6 ಗಂಟೆ. ಥಾಮಸ್ ಫೊಗಾರ್ಟಿ ಎಂಬ ತರುಣ 1960ರ ದಶಕದ ಆರಂಭದಲ್ಲಿ ಶಸ್ತ್ರವೈದ್ಯರ ಕೈಗವಸಿನ ಬೆರಳ ತುದಿ ಕತ್ತರಿಸಿ, ಮೀನುಗಾಳದ ಗಂಟು ಹಾಕಿ ತೆಳು ಕೊಳವೆಗೆ ಕಟ್ಟಿದ ಬಲೂನು ಇಂದಿಗೂ ಆ ಹೆಪ್ಪನ್ನು ಎಳೆದು ತೆಗೆಯುತ್ತದೆ. ಉಪಕರಣ ಸರಳ, ಗಂಟೆಗಳು ಕಡಿಮೆ. ಬೀದರಿನಿಂದ ಬೆಂಗಳೂರಿಗೆ ರಸ್ತೆ ಸುಮಾರು 700 ಕಿಲೋಮೀಟರ್. ಆ ದಾರಿಯಲ್ಲಿ ಆರು ಗಂಟೆ ಮುಗಿದುಹೋಗುತ್ತದೆ. ರಕ್ತನಾಳ ತಜ್ಞರು ರಾಜಧಾನಿಯಲ್ಲಷ್ಟೇ ಅಲ್ಲ, ಜಿಲ್ಲೆಗಳ ಹತ್ತಿರವೂ ಇರಬೇಕೆಂಬ ಬೇಡಿಕೆಗೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ನಮ್ಮ ಅಂಗಳದ ಲೆಕ್ಕ

ಜಗತ್ತಿನಲ್ಲಿ 2015ರ ಅಂದಾಜಿನಂತೆ 25 ವರ್ಷ ದಾಟಿದ ಸುಮಾರು 23.6 ಕೋಟಿ ಜನರ ಕಾಲಿನ ನಾಳಗಳು ಹೀಗೆ ಕಿರಿದಾಗಿವೆ. 2011ರ ಜನಗಣತಿಯ ಕರ್ನಾಟಕವನ್ನು ಪಕ್ಕಪಕ್ಕ ನಾಲ್ಕು ಸಲ ಇಟ್ಟರೆ ಹೆಚ್ಚೂಕಡಿಮೆ ಅಷ್ಟು ಜನ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಆ ಎರಡು ಕಂಬದ ನೋವೂ ಕಾಣಿಸಿಕೊಳ್ಳುವುದಿಲ್ಲ. ಕಾಲಿನಲ್ಲಿ ಗಾರೆ ಕಟ್ಟಿದವರ ಹೃದಯದಲ್ಲೂ ಮಿದುಳಿನ ನಾಳಗಳಲ್ಲೂ ಅದೇ ಗಾರೆ ಇರುವ ಸಂಭವ ಹೆಚ್ಚು. ಕಾಲು ತೋರಿಸಲು ಹೋದಾಗ ಆ ಗಾರೆಯೂ ಪತ್ತೆಯಾಗಿ ಜೀವ ಉಳಿಯುವುದುಂಟು.

ಈ ರೋಗದ ಎರಡು ದೊಡ್ಡ ಬೇರುಗಳೂ ನಮ್ಮ ಮನೆಯಂಗಳದಲ್ಲಿವೆ. ಒಂದು ಸಕ್ಕರೆ ಕಾಯಿಲೆ: 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳು. ಮಧುಮೇಹ ನಾಳವನ್ನೂ ನರವನ್ನೂ ಒಟ್ಟಿಗೆ ಕೆಡಿಸುತ್ತದೆ. ರಕ್ತ ತಲುಪದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಇನ್ನೊಂದು ತಂಬಾಕು: 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೀಡಿ ಸೇದುವ ವಯಸ್ಕರು 7 ಕೋಟಿಗೂ ಹೆಚ್ಚು. ದಕ್ಷಿಣ ಕನ್ನಡದ ಮನೆಗಳಲ್ಲಿ ಹೆಣ್ಣುಮಕ್ಕಳು ದಶಕಗಳಿಂದ ಬೀಡಿ ಸುತ್ತಿ ಸಂಸಾರ ತೂಗಿಸಿದ್ದಾರೆ. ಅವರ ಬೆರಳ ದುಡಿಮೆ ಇನ್ಯಾರದೋ ಕಾಲ್ಬೆರಳಿಗೆ ಕುತ್ತಾಗುವ ಈ ವ್ಯವಸ್ಥೆಯಲ್ಲಿ ದುಡಿಯುವ ಹೆಂಗಸರ ತಪ್ಪೇನೂ ಇಲ್ಲ. ಅವರಿಗೆ ಬೇರೆ ದುಡಿಮೆ ಒದಗಿಸದ ನಮ್ಮೆಲ್ಲರ ತಪ್ಪು ಅದು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ ಕಾಯಿಲೆಯಂತೂ ತಂಬಾಕಿನ ನೆರಳೇ. ಐವತ್ತು ತುಂಬದ ಸೇದುಗರ ಪಾದದ ಸಣ್ಣ ನಾಳಗಳೇ ಕಟ್ಟಿಕೊಳ್ಳುವುದರಿಂದ ಬಳಸುದಾರಿಯ ಕೆಳತುದಿಯನ್ನು ಹೊಲಿಯಲು ಎಷ್ಟೋ ಸಲ ಜಾಗವೇ ಇರುವುದಿಲ್ಲ. ಆಗ ಉಳಿದಿರುವ ನಿಜವಾದ ಔಷಧಿ ಒಂದೇ: ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡುವುದು.

ದಿನಕ್ಕೊಮ್ಮೆ ಚಪ್ಪಲಿ ಕಳಚಿ ಅಪ್ಪನ, ಅಮ್ಮನ ಪಾದ ನೋಡಿ. ಬೆರಳ ಸಂದಿ ನೋಡಿ, ಹಿಮ್ಮಡಿ ನೋಡಿ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ ಮುಟ್ಟಿ ನೋಡಿ. ಎರಡು ವಾರವಾದರೂ ಮಾಯದ ಹುಣ್ಣಿಗೆ ಮುಲಾಮು ಬದಲಿಸುತ್ತಾ ಕೂರಬೇಡಿ. ಇಷ್ಟೆಲ್ಲ ಆದ ಮೇಲೂ ಒಂದು ದಿನ ಯಾರಾದರೂ ಕಾಲು ತೆಗೆಯಬೇಕು ಎಂದು ಕಾಗದ ಮುಂದಿಟ್ಟರೆ, ಜೀವಕ್ಕೇ ಆ ಕ್ಷಣದ ಅಪಾಯವಿಲ್ಲದಿದ್ದರೆ, ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಕಾಲಿನ ರಕ್ತನಾಳದ ಪರೀಕ್ಷೆ ಆಗಿದೆಯೇ, ರಕ್ತನಾಳ ತಜ್ಞರು ನೋಡಿದ್ದಾರೆಯೇ? ಆ ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು.